ಕತ್ತರಿಸಿದ ಹಾಳೆಯ ಮೇಲೆ ತಿಂಗಳು ಬರೆದಿಡಿ

ಹಾವೇರಿಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಇದು: ‘ಇಪ್ಪತ್ತು ವರ್ಷಗಳಿಂದ ನಿಮ್ಮ ಪ್ರವಾಸ ಲೇಖನಗಳನ್ನು ಕತ್ತರಿಸಿ ಫೈಲಿನಲ್ಲಿ ಇಡುತ್ತಾ ಬಂದಿದ್ದೇನೆ. ಎಲ್ಲಿಗೆ ಹೋಗುವುದಿದ್ದರೂ ಅದನ್ನು ತೆಗೆದು ನೋಡಿಯೇ ಹೊರಡುವುದು. ಈ ಮೇ ತಿಂಗಳಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದೆವು. ಕೆರೆ ತುಂಬ ಹೆಬ್ಬಾತುಗಳು ಎಂದು ಬರೆದಿದ್ದಿರಿ. ಒಂದೂ ಇರಲಿಲ್ಲ. ಗೈಡ್ ಪುಸ್ತಕ ನೋಡಿದ್ದರೆ ಹೀಗಾಗುತ್ತಿರಲಿಲ್ಲ ಎಂದ ಮಗ. ಫೈಲನ್ನು ರದ್ದಿಗೆ ಹಾಕಿಬಿಡಲೇ?’

ಮಾನ್ಯರೇ,

ದಯವಿಟ್ಟು ಹಾಕಬೇಡಿ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ.

ಪತ್ರದ ಜೊತೆ ನೀವು ಕಳಿಸಿದ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ‘ಪಟ್ಟೆತಲೆ ಹೆಬ್ಬಾತು’ ಎಂಬಲ್ಲಿ ನೀಲಿ ಪೆನ್ನಿನ ಗೆರೆ ಇದೆ, ಅಂಚಿನಲ್ಲಿ ‘ಮಕ್ಕಳಿಗೆ ತೋರಿಸಬೇಕು’ ಎಂದು ನಿಮ್ಮ ದುಂಡನೆಯ ಅಕ್ಷರ. ಹಾಳೆಯ ಮೇಲ್ತುದಿ ಮಾತ್ರ ಇಲ್ಲ. ಪುಟದ ಸಂಖ್ಯೆ, ತಿಂಗಳು, ವರ್ಷ ಅಚ್ಚಾಗುವುದು ಅಲ್ಲೇ. ಕತ್ತರಿ ಅದನ್ನು ನೀಟಾಗಿ ತೆಗೆದುಹಾಕಿದೆ. ಕಚೇರಿಯ ಹಳೆಯ ಸಂಪುಟ ತೆಗೆಸಿದಾಗ ಅದು ಜನವರಿ ಸಂಚಿಕೆ ಎಂದು ಗೊತ್ತಾಯಿತು. ಲೇಖನದೊಳಗೆ ತಿಂಗಳ ಹೆಸರೇ ಇಲ್ಲ. ‘ಚಳಿಗೆ ಬೈನಾಕ್ಯುಲರ್ ಹಿಡಿದ ಕೈ ನಡುಗುತ್ತಿತ್ತು’ ಎಂಬ ಒಂದು ವಾಕ್ಯವಷ್ಟೇ ಸುಳಿವು. ಅಚ್ಚಿಗೆ ಹೋಗುವ ಮುಂಚೆ ಅದನ್ನು ಓದಿದವನು ನಾನೇ, ತಿಂಗಳು ಸೇರಿಸಬೇಕಾಗಿದ್ದವನೂ ನಾನೇ. ಬಿಸಿಲಿನಲ್ಲಿ ಅಷ್ಟು ದೂರ ಬಂದು ಬರಿ ಕೆರೆ ನೋಡಿದ ಮಕ್ಕಳ ಕ್ಷಮೆ ಕೇಳುತ್ತೇನೆ.

ನೀವು ಮಾಗಡಿಯಲ್ಲಿ ನಿಂತಿದ್ದ ಹೊತ್ತಿಗೆ ಆ ಹಕ್ಕಿಗಳು ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳ ದಂಡೆಯಲ್ಲಿ ಮರಿ ಮಾಡುವ ಕೆಲಸದಲ್ಲಿದ್ದವು. ಚಳಿ ಶುರುವಾದ ಮೇಲೆ ಹಿಮಾಲಯ ದಾಟಿ ಬರುತ್ತವೆ. ನವೆಂಬರಿನಿಂದ ಶಿರಹಟ್ಟಿ ಸೀಮೆಯ ಆ ಕೆರೆಯಲ್ಲಿ ಇಳಿದು, ಸುತ್ತಲಿನ ಹೊಲಗಳಲ್ಲಿ ಮೇಯ್ದು, ಫೆಬ್ರವರಿ–ಮಾರ್ಚ್ ಹೊತ್ತಿಗೆ ಮರಳುತ್ತವೆ. ನೀರಾವರಿಗೆಂದು ಕಟ್ಟಿಸಿದ, ಐವತ್ತು ಹೆಕ್ಟೇರಿನಷ್ಟಿರುವ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ.

ಇನ್ನು ನಿಮ್ಮ ಮಗನ ಮಾತು. ಯಾವ ಕಾಲದಲ್ಲಿ ಹೋಗಬೇಕು, ಎಷ್ಟು ಕಿಲೋಮೀಟರು, ಎಲ್ಲಿ ಇಳಿದುಕೊಳ್ಳಬೇಕು ಎಂಬುದನ್ನು ಗೈಡ್ ಪುಸ್ತಕ ಒಂದೇ ಅಚ್ಚಿನಲ್ಲಿ ಎಲ್ಲ ಊರಿಗೂ ಹೇಳುತ್ತದೆ. ಆ ಮಟ್ಟಿಗೆ ಅವರು ಹೇಳಿದ್ದು ಸರಿ. 1830ರ ದಶಕದಲ್ಲಿ ಜರ್ಮನಿಯ ಕಾರ್ಲ್ ಬೇಡೆಕರ್, ಲಂಡನ್ನಿನ ಜಾನ್ ಮರ್ರೆ ಇಂಥ ಪುಸ್ತಕಗಳನ್ನು ತಂದರು. ಪ್ರವಾಸಿ ಪರವೂರಿನಲ್ಲಿ ಬಾಡಿಗೆ ಮಾರ್ಗದರ್ಶಿಯ ಕೈಗೆ ಸಿಕ್ಕಿಕೊಳ್ಳದೆ, ಯಾರನ್ನೂ ಕೇಳದೆ ತಾನೇ ಸುತ್ತಾಡುವಂತಾಗಲಿ ಎಂಬುದು ಬೇಡೆಕರನ ಆಸೆ. ಪತ್ರಿಕೆಯ ಲೇಖನ ಹುಟ್ಟುವುದೇ ಇನ್ನೊಬ್ಬರನ್ನು ಕೇಳುವುದರಿಂದ. ಬರೆಯುವವರು ಒಂದು ಊರಿನ ಕಟ್ಟೆಯ ಮೇಲೆ ಕೂತು, ಅಲ್ಲಿಯವರು ಹೇಳಿದ್ದನ್ನು ಕೇಳಿಸಿಕೊಂಡು ಬಂದಿರುತ್ತಾರೆ.

ನಿಮ್ಮ ಫೈಲಿನಲ್ಲಿ ಲಕ್ಕುಂಡಿಯ ಲೇಖನವೂ ಇದೆ ಎಂದಿದ್ದೀರಿ. ಗದಗಿನಿಂದ ಹನ್ನೆರಡು ಕಿಲೋಮೀಟರ್ ಇರುವ ಆ ಊರನ್ನು ಹಂಪಿಗೆ ಹೊರಟವರು ಕಿಟಕಿಯಲ್ಲೇ ನೋಡಿ ಮುಂದೆ ಹೋಗುತ್ತಾರೆ. ‘ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು, ಅರ್ಧ ದಿನ ಸಾಕು’ ಎಂದು ಗೈಡ್ ಪುಸ್ತಕದಲ್ಲಿ ಓದಿದರೆ ಇಳಿಯಬೇಕೆಂದು ಅನ್ನಿಸುವುದಾದರೂ ಹೇಗೆ? ಅತ್ತಿಮಬ್ಬೆಯನ್ನು ತಿಳಿದವರು ಇಳಿಯುತ್ತಾರೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪೊನ್ನನ ‘ಶಾಂತಿಪುರಾಣ’ವನ್ನು ಓಲೆಗರಿಯ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದಾಕೆ, ರನ್ನನಿಗೆ ಆಸರೆಯಾದಾಕೆ, 1007ರಲ್ಲಿ ಇಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಾಕೆ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರು ಹೇಳಿಕೊಳ್ಳುತ್ತಾರೆ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಆ ಬಸದಿಯ ತಣ್ಣನೆಯ ಕಲ್ಲಿನ ಮೇಲೆ ಕಾಲಿಟ್ಟವರಿಗೆ ಅರ್ಧ ದಿನ ಸಾಲದು. ಕನ್ನಡದ ಪುಸ್ತಕವೊಂದನ್ನು ಕೈಯಲ್ಲಿ ಹಿಡಿಯುವ ಯಾರಿಗೂ ಸಾಲದು ಎಂದೇ ನನ್ನ ನಂಬಿಕೆ.

ಆದ್ದರಿಂದ ಹೋಗಬೇಕೆಂಬ ಆಸೆಗೆ ಪತ್ರಿಕೆ ಇಟ್ಟುಕೊಳ್ಳಿ, ಬಸ್ಸು–ದಾರಿಗೆ ಗೈಡ್ ಪುಸ್ತಕವೋ ಮೊಬೈಲೋ ಮಗನ ಕೈಯಲ್ಲಿರಲಿ. ಹಳೆಯ ಲೇಖನದಲ್ಲಿರುವ ಲಾಡ್ಜಿನ ಬಾಡಿಗೆ, ಕೊನೆಯ ಬಸ್ಸಿನ ಹೊತ್ತು ಇವನ್ನು ನಂಬಲೇಬೇಡಿ, ಹೊರಡುವ ಮುಂಚೆ ಒಂದು ಫೋನ್ ಮಾಡಿ. ಬರೆದವರು ಒಬ್ಬರೇ ಬೈಕಿನಲ್ಲಿ ಹೋಗಿದ್ದರೋ, ಮಕ್ಕಳು–ಮರಿ ಕಟ್ಟಿಕೊಂಡು ಹೋಗಿದ್ದರೋ ನೋಡಿಕೊಳ್ಳಿ. ಅವರ ‘ಸುಲಭದ ಚಾರಣ’ ನಿಮ್ಮ ಮಂಡಿಗೆ ಸುಲಭವಾಗದಿರಬಹುದು. ರೆಸಾರ್ಟಿನವರು ಕರೆಸಿ, ಉಣಿಸಿ ಬರೆಸಿದ ಲೇಖನಗಳೂ ಪತ್ರಿಕೆಗಳಲ್ಲಿ ಬರುತ್ತವೆ. ಕೊರತೆಯ ಒಂದು ಮಾತೂ ಇಲ್ಲದ ಹೊಗಳಿಕೆ ಕಂಡರೆ ಅದನ್ನು ಕತ್ತರಿಸುವ ಶ್ರಮ ಬೇಡ.

ಮುಖ್ಯವಾಗಿ, ಫೈಲನ್ನು ಊರಿನ ಹೆಸರಿನಂತೆ ಜೋಡಿಸಿದ್ದರೆ ಬಿಚ್ಚಿ ತಿಂಗಳಿನಂತೆ ಜೋಡಿಸಿ. ನಮ್ಮ ಲೇಖಕರು ಹೋಗಿ ಬಂದು ಬರೆಯುವುದಕ್ಕೂ ಅದು ಅಚ್ಚಾಗುವುದಕ್ಕೂ ನಡುವೆ ಸಾಮಾನ್ಯವಾಗಿ ಹೆಚ್ಚು ದಿನ ಇರುವುದಿಲ್ಲ. ಹಾಗಾಗಿ ಸಂಚಿಕೆಯ ತಿಂಗಳು ಹೆಚ್ಚುಕಡಿಮೆ ಆ ಊರಿನ ಹದವೂ ಹೌದು. ಮೊಮ್ಮಕ್ಕಳಿಗೆ ಕ್ರಿಸ್‌ಮಸ್ ರಜೆ ಬಂದಾಗ ಡಿಸೆಂಬರಿನ ಕಟ್ಟು ಬಿಚ್ಚಿದರೆ ಸಾಕು.

ಈ ಸಂಚಿಕೆಯಿಂದ ನಮ್ಮ ಪ್ರತಿ ಪ್ರವಾಸ ಲೇಖನದ ಕೊನೆಯಲ್ಲಿ ಲೇಖಕರು ಯಾವ ತಿಂಗಳಲ್ಲಿ, ಯಾರ ಜೊತೆ, ಹೇಗೆ ಹೋದರು ಎಂಬ ಎರಡು ಸಾಲು ಇರುತ್ತದೆ. ಕತ್ತರಿಗೆ ಸಿಗದಂತೆ ಅದನ್ನು ಬರಹದ ಕೆಳಗೇ ಅಚ್ಚು ಮಾಡುತ್ತೇವೆ.

ಮಾಗಡಿಯ ಲೇಖನದ ಎರಡನೇ ಹಾಳೆ ನಿಮ್ಮ ಬಳಿ ಇಲ್ಲ ಎಂದು ಬರೆದಿದ್ದೀರಲ್ಲ, ಅದರ ಜೆರಾಕ್ಸ್ ನಿನ್ನೆ ಅಂಚೆಗೆ ಹಾಕಿಸಿದ್ದೇನೆ. ಮೇಲ್ತುದಿಯಲ್ಲಿ ‘ಜನವರಿ’ ಎಂದು ಕೆಂಪು ಶಾಯಿಯಲ್ಲಿ ಬರೆದಿದೆ.