ಶೇ. 90 ಸೀಸ ಹೋಯಿತು, ಉಳಿದದ್ದೆಷ್ಟು?

ನಮಸ್ಕಾರ.

ಬ್ಯಾಕ್ಟೀರಿಯಾ ತಯಾರಿಸುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಬಳಸಿ ನೀರಿನಿಂದ ಸೀಸ, ಕ್ರೋಮಿಯಂ ತೆಗೆಯುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಆದರೆ ಪ್ರಯೋಗವನ್ನು ನೀವೇ ಮಾಡಿದ್ದೀರಿ, ಭಾಷೆ ತಿಳಿಯಾಗಿದೆ. ಕೈಬಿಡದೆ ತಿದ್ದಿ ಕಳಿಸಿ.

ಮುಖ್ಯ ತೊಡಕು ಈ ವಾಕ್ಯದಲ್ಲಿದೆ: ‘ಮೆಲನಿನ್ ಶೇ. 90ರಷ್ಟು ಸೀಸವನ್ನು ತಿಂದುಹಾಕಿ ನೀರನ್ನು ಕುಡಿಯಲು ಯೋಗ್ಯವಾಗಿಸುತ್ತದೆ.’ ನಿಮ್ಮದೇ ಲೆಕ್ಕ ನೋಡಿ. ಲೀಟರಿಗೆ 100 ಮಿ.ಗ್ರಾಂ ಸೀಸವಿದ್ದ 50 ಮಿ.ಲೀ. ನೀರಿಗೆ 0.1 ಗ್ರಾಂ ಮೆಲನಿನ್ ಹಾಕಿದ್ದೀರಿ. ಶೇ. 90 ಹೋದರೂ ಲೀಟರಿಗೆ 10 ಮಿ.ಗ್ರಾಂ ಉಳಿಯಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಇಟ್ಟಿರುವ ಮಿತಿ ಲೀಟರಿಗೆ 0.01 ಮಿ.ಗ್ರಾಂ. ನೀವು ಯೋಗ್ಯವೆಂದ ನೀರಿನಲ್ಲಿ ಮಿತಿಯ ಸಾವಿರ ಪಟ್ಟು ಸೀಸವಿದೆ! ಇದನ್ನು ನಂಬಿ ಯಾರಾದರೂ ಮಗುವಿಗೆ ಕುಡಿಸಿದರೆ ಏನು ಗತಿ? ಶೇಕಡಾ ಲೆಕ್ಕ ಬಿಟ್ಟು, ಒಂದು ಗ್ರಾಂ ಮೆಲನಿನ್ ಎಷ್ಟು ಹಿಡಿಯಿತೆಂದು ಬರೆಯಿರಿ (90 × 0.05 ÷ 0.1, ಅಂದರೆ ಗ್ರಾಂಗೆ 45 ಮಿ.ಗ್ರಾಂ). ಪಕ್ಕದಲ್ಲೇ ನೀರಲ್ಲಿ ಉಳಿದದ್ದೆಷ್ಟು ಎಂಬುದೂ ಇರಲಿ.

‘ತಿಂದುಹಾಕಿ’ ಎಂಬ ಮಾತನ್ನೂ ತೆಗೆಯಿರಿ. ಸೀಸ ಧಾತು, ಅದನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಮೆಲನಿನ್‌ನ ಕಾರ್ಬಾಕ್ಸಿಲ್, ಫೀನಾಲ್, ಅಮೈನ್ ಗುಂಪುಗಳಿಗೆ ಅಂಟಿಕೊಂಡಿದೆ ಅಷ್ಟೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದರೆ ಬಹುಪಾಲು ಬಿಟ್ಟುಬರುತ್ತದೆ. ಸೀಸ ತುಂಬಿದ ಆ ಆಮ್ಲವನ್ನು ಏನು ಮಾಡಿದಿರಿ? ಸಿಂಕಿಗೆ ಸುರಿಯುವಂತಿಲ್ಲ ಎಂಬುದು ಲೇಖನದಲ್ಲಿ ಬರಲೇಬೇಕು.

ಸೀಸ, ಕ್ರೋಮಿಯಂ ಎರಡನ್ನೂ ಪಿಎಚ್ 7ರಲ್ಲಿ ಪರೀಕ್ಷಿಸಿದ್ದೀರಿ. ಆ ಪಿಎಚ್‌ನಲ್ಲಿ, ಅಷ್ಟು ಸಾಂದ್ರತೆಯಲ್ಲಿ ಸೀಸ ತಾನಾಗಿಯೇ ಗಸಿಯಾಗಿ ಕೂರಬಹುದು. ಮೆಲನಿನ್ ಹಾಕದ ಫ್ಲಾಸ್ಕ್ ಒಂದನ್ನು ಜೊತೆಗಿಡದಿದ್ದರೆ ಕೀರ್ತಿ ಯಾರಿಗೆ ಸೇರಬೇಕೆಂದು ಹೇಳಲಾಗದು. ಸೀಸಕ್ಕೆ ಪಿಎಚ್ 5ರ ಆಸುಪಾಸು ಒಳ್ಳೆಯದು. ತಮಿಳುನಾಡಿನ ರಾಣಿಪೇಟೆಯ ಕ್ರೋಮಿಯಂ ತ್ಯಾಜ್ಯದ ಉದಾಹರಣೆ ಸರಿಯಾದದ್ದೇ, ಆದರೆ ಅಲ್ಲಿಯ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟ್ ಆಗಿ ಋಣಾವೇಶದಲ್ಲಿರುತ್ತದೆ. ಅದು ಅಂಟುವುದು ಪಿಎಚ್ 2ರ ಹತ್ತಿರ. ಡೈಫಿನೈಲ್‌ಕಾರ್ಬಜೈಡ್ ಹಾಕಿ 540 ನ್ಯಾನೋಮೀಟರ್‌ನಲ್ಲಿ ಅಳೆದಿದ್ದೀರಿ. ಆ ನೇರಳೆ ಬಣ್ಣ ಆರು ವೇಲೆನ್ಸಿಯದನ್ನು ಮಾತ್ರ ತೋರಿಸುತ್ತದೆ. ಬಣ್ಣ ಬರಲಿಲ್ಲವೆಂದರೆ ಕ್ರೋಮಿಯಂ ಹೋಗಿರಬಹುದು, ಮೂರು ವೇಲೆನ್ಸಿಗಿಳಿದು ನೀರಲ್ಲೇ ಇರಲೂಬಹುದು. ಲೋಹದ ಒಟ್ಟು ಪ್ರಮಾಣ ತೋರಿಸುವ ಅಟಾಮಿಕ್ ಅಬ್ಸಾರ್ಪ್ಷನ್‌ನಲ್ಲಿ ಒಟ್ಟು ಕ್ರೋಮಿಯಂ ಅಳೆಸಿ.

ಟೈರೋಸಿನ್ ಎಂಬ ಅಮೈನೋ ಆಮ್ಲ ಬೆರೆಸಿ ಬ್ಯಾಕ್ಟೀರಿಯಾ ಬೆಳೆಸುವುದು, ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆದು, ಪಿಎಚ್ 2ಕ್ಕೆ ಇಳಿಸಿ ಕಪ್ಪು ಗಸಿ ಪಡೆಯುವುದು: ಈ ಭಾಗ ಚೆನ್ನಾಗಿದೆ, ಮುಟ್ಟಬೇಡಿ. ಆದರೆ ಪುಡಿಯನ್ನೇ ನೀರಿಗೆ ಹಾಕಿದರೆ ಮತ್ತೆ ಬೇರ್ಪಡಿಸುವುದು ಕಷ್ಟ. ಕ್ಷಾರದಲ್ಲಂತೂ ಕರಗಿ ನೀರು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಪುಡಿಯನ್ನು ಕಡಲಕಳೆಯ ಅಂಟಾದ ಶೇ. 2ರ ಸೋಡಿಯಂ ಆಲ್ಜಿನೇಟ್‌ನಲ್ಲಿ ಕಲಸಿ, 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಹನಿಹನಿಯಾಗಿ ಬಿಟ್ಟರೆ ಸಬ್ಬಕ್ಕಿಯಂಥ ಮಣಿಗಳಾಗುತ್ತವೆ. ಆಲ್ಜಿನೇಟ್ ತಾನೂ ಸೀಸ ಹಿಡಿಯುತ್ತದೆ, ಹಾಗಾಗಿ ಮೆಲನಿನ್ ಇಲ್ಲದ ಮಣಿಗಳನ್ನೂ ಪಕ್ಕದಲ್ಲಿ ಪರೀಕ್ಷಿಸಿ. ಪಿಎಚ್ ಸ್ಥಿರವಾಗಿಡಲು ಫಾಸ್ಫೇಟ್ ಬಫರ್ ಬೇಡ. ಅದು ಮಣಿಯ ಕ್ಯಾಲ್ಸಿಯಂ ಕಿತ್ತು ಮಣಿಯನ್ನೇ ಸಡಿಲಿಸುತ್ತದೆ, ಸೀಸವನ್ನೂ ಫಾಸ್ಫೇಟ್ ಆಗಿ ಗಸಿ ಮಾಡಿ ನಿಮ್ಮ ಅಂಕಿಯನ್ನು ಸುಳ್ಳೇ ಏರಿಸುತ್ತದೆ.

ಬ್ಯಾಕ್ಟೀರಿಯಾದ ಬೇರೆ ಬಣ್ಣಗಳಾದ ಪ್ರೊಡಿಜಿಯೋಸಿನ್, ವಯಲಾಸಿನ್ ಬಗೆಗಿನ ಸಾಲುಗಳನ್ನು ಬಿಡಿ. ಬಣ್ಣವಿದ್ದ ಮಾತ್ರಕ್ಕೆ ಮೆಲನಿನ್ ಮಾಡುವ ಕೆಲಸ ಮಾಡುವುದಿಲ್ಲ. ಸ್ಯೂಡೊಮೊನಾಸ್‌ನ ಪಯೋವರ್ಡಿನ್ ಎಂಬ ಬಣ್ಣದ ಮಾತು ಬೇಕಾದರೆ ಇಡಿ. ಅದು ಕಬ್ಬಿಣವನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ನೀರಲ್ಲಿ ಕರಗುವುದರಿಂದ ಘನವಸ್ತುವಿಗೆ ಕಟ್ಟದಿದ್ದರೆ ಹಿಡಿದ ಲೋಹದೊಡನೆ ನೀರಲ್ಲೇ ಉಳಿಯುತ್ತದೆ.

ಊರ ಬೋರ್‌ವೆಲ್ ನೀರಿಗೆ ಪುಡಿ ಬೆರೆಸಿ ಎನ್ನುವ ಕೊನೆಯ ಪ್ಯಾರಾ ಪೂರ್ತಿ ಹೋಗಬೇಕು. ನಿಮ್ಮ ಪ್ರಯೋಗವೆಲ್ಲ ಡಿಸ್ಟಿಲ್ಡ್ ನೀರಿನದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೆಲನಿನ್‌ನಲ್ಲಿ ಸೀಸ ಅಂಟುವ ಅದೇ ಜಾಗಗಳಿಗೆ ಪೈಪೋಟಿಗೆ ಬರುತ್ತವೆ. ಅಂಥ ನೀರಿಗೆ ಲ್ಯಾಬಿನಲ್ಲಿ ಸೀಸ ಬೆರೆಸಿ, ಮೆಲನಿನ್ ಇಲ್ಲದ ಫ್ಲಾಸ್ಕನ್ನೂ ಜೊತೆಗಿಟ್ಟು ಮತ್ತೊಮ್ಮೆ ಮಾಡಿ. ಬಂದ ಅಂಕಿ ಎಷ್ಟೇ ಕಡಿಮೆಯಿರಲಿ, ಆ ಜಾಗದಲ್ಲಿ ಅದನ್ನೇ ಬರೆದು ಕಳಿಸಿ.