‘ಟೂ’ ಮತ್ತು ‘ವೆರಿ’ ಒಂದೇನಾ?

ಪ್ರಶ್ನೆ: ಇಂಗ್ಲಿಷಿನ ‘ಟೂ’, ‘ವೆರಿ’ ಎರಡೂ ‘ತುಂಬಾ’ ತಾನೇ? ‘ಟೂ’ ಎಲ್ಲಿಂದ ಬಂತು?
– ಓದುಗರು, ಸೋಮವಾರಪೇಟೆ

ಉತ್ತರ: ಒಂದೇ ಅಲ್ಲ. ‘ಟೂ’ ಅಂದರೆ ಮಿತಿ ಮೀರಿದ್ದು. ‘ವೆರಿ ಹಾಟ್’ ಕಾಫಿಯನ್ನು ಊದಿಕೊಂಡು ಕುಡಿಯಬಹುದು. ‘ಟೂ ಹಾಟ್ ಟು ಡ್ರಿಂಕ್’ ಆದರೆ ಲೋಟ ಕೆಳಗಿಡಲೇಬೇಕು. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಂದರೂ ನಮ್ಮ ಬೆಳೆಗಾರರಿಗೆ ಖುಷಿಯೇ, ಬಿಡಿ. ಕೊಯ್ಲಿನಲ್ಲಿ ಸುರಿದು ಕಣದ ಕಾಫಿ ಒಣಗದಿದ್ದರೆ ಅದು ‘ಟೂ ಮಚ್ ರೇನ್’. ಎಣಿಸಬಹುದಾದದ್ದಕ್ಕೆ ‘ಟೂ ಮೆನಿ’: ತೋಟಕ್ಕಿಳಿದ ಆನೆಗಳಿಗೆ.

ಮೂಲ ಹಳೆಯ ಇಂಗ್ಲಿಷಿನ ‘ಟೋ’. ‘ಕಡೆಗೆ’ ಎಂಬರ್ಥದ ‘ಟು’ ಕೂಡ ಅದೇ ಪದ. ಒತ್ತಿ ಹೇಳುವ ರೂಪಕ್ಕೆ 16ನೇ ಶತಮಾನದಲ್ಲಿ ಇನ್ನೊಂದು ‘ಓ’ ಅಂಟಿತು. ಮಕ್ಕಳ ಕಾಗುಣಿತ ತಪ್ಪುವುದು ಇಲ್ಲೇ. ‘ಟೂ ಗುಡ್’ ಎಂಬ ಹೊಗಳಿಕೆ ಮಾತಿಗೆ ಸರಿ, ಪರೀಕ್ಷೆಯಲ್ಲಿ ‘ವೆರಿ ಗುಡ್’ ಎಂದೇ ಬರೆಯಿರಿ.