ವ್ಯರ್ಥವೋ, ಹಬೆಯೋ?

ಪ್ರಶ್ನೆ: 34 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದೆ. ಕಳೆದ ಕಾರ್ತಿಕದಲ್ಲಿ ಹೆಂಡತಿ ತೀರಿಕೊಂಡಳು. ಮಗಳು ದೂರದಲ್ಲಿದ್ದಾಳೆ. ಜೊತೆಯಲ್ಲಿ ಕೆಲಸ ಮಾಡಿದ ಕ್ರೈಸ್ತ ಮೇಷ್ಟ್ರೊಬ್ಬರು ಸತ್ಯವೇದ (ಬೈಬಲ್) ತಂದುಕೊಟ್ಟು, ಅದರಲ್ಲಿ ‘ಪ್ರಸಂಗಿ’ ಎಂಬ ಪುಸ್ತಕ ಓದಿ, ಸಮಾಧಾನ ಸಿಕ್ಕೀತು ಎಂದರು. ತೆರೆದರೆ ಎರಡನೇ ವಾಕ್ಯದಲ್ಲೇ ಸಮಸ್ತವೂ ವ್ಯರ್ಥ ಎಂದಿದೆ! ಅಷ್ಟು ನನಗೂ ಗೊತ್ತಿತ್ತಲ್ಲ? ಮುಂದೆ ಓದಲೇ, ಮುಚ್ಚಿಡಲೇ? ನಾನು ಕ್ರೈಸ್ತನೂ ಅಲ್ಲ.
– ಹೆಸರು ಬೇಡ, ತಿಪಟೂರು

ಉತ್ತರ: ಮೇಷ್ಟ್ರೇ, ಆ ‘ವ್ಯರ್ಥ’ದ ಜೊತೆ ನನಗೂ ಹಳೆಯ ಜಗಳವಿದೆ. ನಮ್ಮ ತಂದೆ ಹೋದಾಗ ಮನೆಗೆ ಬಂದವರಲ್ಲಿ ಅರ್ಧ ಜನ ಇದೇ ವಾಕ್ಯ ಹೇಳಿ, ತಲೆಯಾಡಿಸಿ, ಕಾಫಿ ಕುಡಿದು ಹೋಗಿದ್ದರು. ಮರುವರ್ಷ ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹೀಬ್ರೂ ಕಲಿಯಲು ಕುಳಿತೆ. ಪ್ರಸಂಗಿಯ ಹೀಬ್ರೂ ಮೂಲದಲ್ಲಿ ‘ವ್ಯರ್ಥ’ದ ಜಾಗದಲ್ಲಿರುವ ಪದ ‘ಹೆವೆಲ್’. ಉಸಿರು, ಬಾಯಿಂದ ಹೊರಡುವ ಆವಿ. ನಮ್ಮ ‘ಹಬೆ’ಯೇ. ಎರಡು ಪದಗಳಿಗೂ ನಂಟೇನಿಲ್ಲ, ಕಿವಿಗೆ ಬಿದ್ದ ಹೋಲಿಕೆ ಅಷ್ಟೆ. ಆದರೆ ಆ ಕ್ಷಣ ನನ್ನ ಕಣ್ಣಿಗೆ ಬಂದದ್ದು ಅಪ್ಪನ ಕನ್ನಡಕ. ಬೆಳಿಗ್ಗೆ ಜಗುಲಿಯಲ್ಲಿ ಕುಳಿತು ಗಾಜಿಗೆ ಹಾ ಎಂದು ಊದುತ್ತಿದ್ದರು. ಗಾಜು ಬೆಳ್ಳಗಾಗುತ್ತಿತ್ತು. ಅವರು ಪಂಚೆಯ ತುದಿ ಹುಡುಕಿ ಎತ್ತಿಕೊಳ್ಳುವಷ್ಟರಲ್ಲಿ ಆ ಬಿಳುಪು ಅಂಚಿನಿಂದ ಕರಗುತ್ತ ನಡುವೆ ಒಂದು ಚುಕ್ಕೆಯಾಗಿ ಉಳಿದು ಅದೂ ಹೋಗುತ್ತಿತ್ತು. ಮತ್ತೆ ಊದುತ್ತಿದ್ದರು. ಅದನ್ನು ವ್ಯರ್ಥ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಿಡಿದಿಡಲು ಆಗುವುದಿಲ್ಲ, ಅಷ್ಟೆ. ಆದರೆ ಅದಿಲ್ಲದೆ ಅವರಿಗೆ ಪೇಪರು ಓದಲು ಆಗುತ್ತಿರಲಿಲ್ಲ.

ಹನ್ನೆರಡೇ ಅಧ್ಯಾಯಗಳ ಆ ಪುಸ್ತಕದಲ್ಲಿ ಈ ಪದ 38 ಸಲ ಬರುತ್ತದೆ. ಪೆನ್ಸಿಲ್ ತೆಗೆದುಕೊಂಡು ‘ವ್ಯರ್ಥ’ದ ಪಕ್ಕದಲ್ಲೆಲ್ಲ ‘ಹಬೆ’ ಎಂದು ಬರೆದು ಓದಿ ನೋಡಿ. ಎಲ್ಲ ಕಡೆ ಹೊಂದುವುದಿಲ್ಲ. 8ನೇ ಅಧ್ಯಾಯದಲ್ಲಿ ಒಳ್ಳೆಯವರಿಗೆ ಕೆಟ್ಟವರ ಪಾಡು, ಕೆಟ್ಟವರಿಗೆ ಒಳ್ಳೆಯವರ ಫಲ ಎನ್ನುವಲ್ಲಿ ಅದು ಹಬೆಯಲ್ಲ, ಹೊಗೆ, ಕಣ್ಣು ಉರಿಯುತ್ತದೆ. ಹಾಗಾಗಿ ಅನುವಾದಕರನ್ನು ಬೈಯಬೇಡಿ. ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದಲ್ಲಿ ಅಣ್ಣನ ಕೈಯಲ್ಲಿ ಸತ್ತ ಹೇಬೆಲನ ಹೆಸರೂ ಹೀಬ್ರೂವಿನಲ್ಲಿ ಇದೇ ಪದ. ಅವನ ಆಯುಷ್ಯವೂ ಗಾಜಿನ ಮೇಲಿನ ಉಸಿರಿನಷ್ಟೇ ಆಯಿತು.

ನೀವು ಗಣಿತದವರಾದ್ದರಿಂದ 7ನೇ ಅಧ್ಯಾಯದ ಕೊನೆ ನಿಮಗೆ ಹಿಡಿಸಬಹುದು. ಒಂದಕ್ಕೊಂದು ಕೂಡಿಸುತ್ತ ಮೊತ್ತ ಹುಡುಕಿದೆ, ಹುಡುಕುತ್ತಲೇ ಇದ್ದೇನೆ, ಸಿಕ್ಕಿಲ್ಲ ಎನ್ನುತ್ತಾನೆ ಪ್ರಸಂಗಿ. ಅಲ್ಲಿ ಅವನು ಬಳಸುವ ‘ಹೆಷ್ಬೋನ್’ ಇಂದಿನ ಇಸ್ರೇಲಿನ ಮಕ್ಕಳಿಗೆ ಶಾಲೆಯ ಅಂಕಗಣಿತದ ಹೆಸರು. (ಅದೇ ಉಸಿರಿನಲ್ಲಿ ಹೆಂಗಸರ ಬಗ್ಗೆ ಆಡುವ ಮಾತು ನನಗೆ ಸೇರುವುದಿಲ್ಲ. ನಾನು ದಾಟಿ ಹೋಗುತ್ತೇನೆ, ನೀವೂ ಹೋಗಿ.) ಲೆಕ್ಕ ತಾಳೆಯಾಗಲಿಲ್ಲವೆಂದು ಅವನು ಪುಸ್ತಕ ಮುಚ್ಚುವುದಿಲ್ಲ. ನಡುನಡುವೆ ನಿಂತು, ಊಟ ಮಾಡು, ದುಡಿಮೆಯಲ್ಲಿ ಸುಖ ಕಾಣು, ಬಿಳಿ ಬಟ್ಟೆ ಉಡು, ತಲೆಗೆ ಎಣ್ಣೆ ಹಚ್ಚಿಕೋ ಎನ್ನುತ್ತಾನೆ. ಬದುಕಿನ ಅರ್ಥ ಕೇಳಿದವನಿಗೆ ಎಣ್ಣೆಯ ಮಾತು! ಮೊದಮೊದಲು ನನಗೆ ಇದು ಜಾರಿಕೊಳ್ಳುವ ಉತ್ತರವಾಗಿ ಕಂಡಿತ್ತು. ಈಗ ಹಾಗನ್ನಿಸುವುದಿಲ್ಲ. ನೀವು ಇವತ್ತು ಮಧ್ಯಾಹ್ನ ಸರಿಯಾಗಿ ಊಟ ಮಾಡಿದಿರಾ?

ಕ್ರೈಸ್ತನಲ್ಲ ಎಂಬ ಸಂಕೋಚ ಬಿಡಿ. ಸತ್ಯವೇದದಲ್ಲಿ ತನ್ನ ಹೆಸರಿನದೇ ಪುಸ್ತಕವಿರುವ, ಮಕ್ಕಳು ಆಸ್ತಿ ಎಲ್ಲ ಕಳೆದುಕೊಂಡ ಯೋಬನೇ ಇಸ್ರೇಲಿನವನಲ್ಲ, ಊಚ್ ದೇಶದವನು. ಸತ್ಯವೇದದ್ದೇ ಇನ್ನೊಂದು ಪುಸ್ತಕ ಜ್ಞಾನೋಕ್ತಿಗಳ 22, 23ನೇ ಅಧ್ಯಾಯಗಳ ಹಲವು ಮಾತುಗಳು ಈಜಿಪ್ಟಿನ ಅಮೆನೆಮೋಪೆ ಎಂಬವನ ಬೋಧನೆಯಲ್ಲೂ ಇವೆ. ಅದರ ಪಪೈರಸ್ ಸುರುಳಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಣಕ್ಕೆ ರೆಕ್ಕೆ ಬಂದು ಹಾರಿಹೋಗುವುದು ಎರಡರಲ್ಲೂ ಉಂಟು: ಈಜಿಪ್ಟಿನಲ್ಲಿ ಹೆಬ್ಬಾತಾಗಿ, ಜ್ಞಾನೋಕ್ತಿಯಲ್ಲಿ ಹದ್ದಾಗಿ. ನೆರೆಮನೆಯಿಂದ ಕಡ ತಂದವರು ನಿಮ್ಮನ್ನು ಬಾಗಿಲಲ್ಲಿ ತಡೆಯುವುದಿಲ್ಲ.

ಜ್ಞಾನೋಕ್ತಿಗಳನ್ನು ಮಾತ್ರ ಸದ್ಯಕ್ಕೆ ಪಕ್ಕಕ್ಕಿಡಿ. ಅವು ಹುಡುಗರಿಗೆ ಹೇಳಿದ ಬುದ್ಧಿಮಾತು. ನೀವೇ 34 ವರ್ಷ ಹೇಳಿ ಸಾಕಾಗಿದ್ದೀರಿ. ಪ್ರಸಂಗಿ ಮುಗಿದ ಮೇಲೆ ಯೋಬನ ಕಥೆಯ ಮೊದಲ ಮೂರು ಅಧ್ಯಾಯ ಓದಿ. ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ಮಾತಿಲ್ಲದೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ಕೆಟ್ಟಿತು. ಕೊನೆಗೆ ದೇವರು, ಇವರು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ನನ್ನೊಡನೆ ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದ ಎನ್ನುತ್ತಾನೆ.

ಒಂದು ಎಚ್ಚರಿಕೆ. ಪ್ರಸಂಗಿಯ 4ನೇ ಅಧ್ಯಾಯದಲ್ಲಿ, ಇಬ್ಬರು ಮಲಗಿದರೆ ಬೆಚ್ಚಗಿರುತ್ತದೆ, ಒಬ್ಬನಿಗೆ ಹೇಗೆ ಬೆಚ್ಚಗಾದೀತು ಎಂಬ ಮಾತು ಬರುತ್ತದೆ. ಅದನ್ನು ರಾತ್ರಿ ಒಬ್ಬರೇ ಓದಬೇಡಿ. ಪುಸ್ತಕ ಕೊಟ್ಟ ಮೇಷ್ಟ್ರನ್ನು ಸಂಜೆ ಮನೆಗೆ ಕರೆಯಿರಿ, ಅವರಿಂದಲೇ ಗಟ್ಟಿಯಾಗಿ ಓದಿಸಿ.